ದಿನವಿಡೀ ಕುರ್ಚಿ ಕೆಲಸ: ಬೀಟ್‌ರೂಟ್, ಆರ್ಜಿನಿನ್, ಮೀನೆಣ್ಣೆ, ಕೋಕೋ – ರಕ್ತನಾಳಕ್ಕೆ ಯಾವುದರಿಂದ ನಿಜಕ್ಕೂ ಉಪಯೋಗ?

ಮಲ್ನಾಡ್‌ಕಾಫಿ ಕೇಳಿದ್ದು:

ಕಂಪ್ಯೂಟರ್ ಮುಂದಿನ ಕೆಲಸ, ದಿನಕ್ಕೆ ಒಂಬತ್ತು-ಹತ್ತು ಗಂಟೆ ಕೂತೇ ಇರ್ತೀನಿ. ವಯಸ್ಸು 44. ಶುಗರ್ ಇಲ್ಲ, ಬಿಪಿಗೆ ಆಮ್ಲೋಡಿಪಿನ್ 5 ಮಿ.ಗ್ರಾಂ. ಬೆಳಗ್ಗೆ ಮುಕ್ಕಾಲು ಗಂಟೆ ಚುರುಕು ನಡಿಗೆ ಇದೆ. ಸಂಜೆಯಾದ್ರೆ ಎರಡೂ ಮೀನಖಂಡ ಭಾರ, ಸಾಕ್ಸ್ ತೆಗೆದ ಮೇಲೂ ಅದರ ಅಚ್ಚು ಹಾಗೇ ಉಳಿಯುತ್ತೆ.

ನೋಡಿಟ್ಟಿರೋ ಸಪ್ಲಿಮೆಂಟ್‌ಗಳು: ಬೀಟ್‌ರೂಟ್ ಕ್ಯಾಪ್ಸೂಲ್ 500 ಮಿ.ಗ್ರಾಂ, ಎಲ್-ಆರ್ಜಿನಿನ್ 1 ಗ್ರಾಂ, ಮೀನೆಣ್ಣೆ 1000 ಮಿ.ಗ್ರಾಂ, ಮತ್ತೆ ಇತ್ತೀಚೆಗೆ ಎಲ್ಲರೂ ಹೇಳ್ತಿರೋ ಕೋಕೋ. ಕೂತ್ರೆ ರಕ್ತನಾಳಕ್ಕೆ ಆಗೋ ತೊಂದರೆಗೆ ಇವುಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು? ಬಿಪಿ ಮಾತ್ರೆ ಜೊತೆ ತಗೊಂಡ್ರೆ ಏನಾದ್ರೂ ಆಗುತ್ತಾ?

ನಾಡಿಬಡಿತ:

ಜಾಹೀರಾತಿನವರು ಅಪಧಮನಿ (ಹೃದಯದಿಂದ ರಕ್ತ ತರುವ ನಾಳ), ಅಭಿಧಮನಿ (ವಾಪಸ್ ಒಯ್ಯುವ ನಾಳ) ಎರಡನ್ನೂ ಒಂದೇ ಚೀಲಕ್ಕೆ ತುಂಬಿ ‘ರಕ್ತಸಂಚಾರ’ ಅಂತ ಮಾರುತ್ತಾರೆ. ಕೂತಾಗ ಎರಡಕ್ಕೂ ತೊಂದರೆ ಇದೆ, ಆದರೆ ಕಾರಣ ಬೇರೆ, ಪರಿಹಾರವೂ ಬೇರೆ.

ನಿಮ್ಮ ಭಾರ, ಸಾಕ್ಸ್ ಅಚ್ಚು ಅಭಿಧಮನಿ ಕಡೆಯ ದೂರು. ಮೀನಖಂಡದ ಸ್ನಾಯು ಕುಗ್ಗಿದಾಗಲೆಲ್ಲ ಒಳಗಿನ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕವಾಟಗಳು ಅದು ವಾಪಸ್ ಇಳಿಯದಂತೆ ಹಿಡಿಯುತ್ತವೆ. ಸ್ನಾಯು ಸುಮ್ಮನಿದ್ದರೆ ರಕ್ತ ಕಾಲಿನಲ್ಲೇ ನಿಂತು ಒತ್ತಡ ಏರುತ್ತದೆ, ನೀರಿನಂಶ ಹೊರಗೆ ಜಿನುಗಿ ಚರ್ಮದಡಿ ಸೇರುತ್ತದೆ. ನೀವು ಬರೆದಿರುವ ನಾಲ್ಕು ಡಬ್ಬಿಗಳಲ್ಲಿ ಒಂದೂ ಈ ಕೆಲಸಕ್ಕೆ ಬರುವುದಿಲ್ಲ.

ಅಪಧಮನಿಯ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಅದರ ಒಳಪದರದ ಜೀವಕೋಶಗಳು ಹರಿಯುವ ರಕ್ತದ ಉಜ್ಜುವಿಕೆಯನ್ನು ಗ್ರಹಿಸಿ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತವೆ. ನಾಳ ಸಡಿಲವಾಗಿ ಹಿಗ್ಗುವುದು ಅದರಿಂದಲೇ. ಕೂತಾಗ ಕಾಲಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಮಂಡಿಯ ಹಿಂದೆ ಮತ್ತು ತೊಡೆಸಂದಿನಲ್ಲಿ ನಾಳ ಬಾಗಿಕೊಂಡಿರುತ್ತದೆ. ಉಜ್ಜುವಿಕೆ ಕುಸಿಯಿತು ಅಂದರೆ ನೈಟ್ರಿಕ್ ಆಕ್ಸೈಡ್ ಕೂಡ ಕುಸಿಯಿತು.

ಇದನ್ನು ಅಳೆಯುವುದು ಹೀಗೆ: ಕೈಗೋ ಕಾಲಿಗೋ ಬಿಪಿ ಪಟ್ಟಿ ಕಟ್ಟಿ, ಗಾಳಿ ತುಂಬಿ ಐದು ನಿಮಿಷ ರಕ್ತ ತಡೆಹಿಡಿಯುತ್ತಾರೆ. ಪಟ್ಟಿ ಬಿಟ್ಟ ಕೂಡಲೇ ರಕ್ತ ನುಗ್ಗುತ್ತದೆ. ಆಗ ನಾಳ ಎಷ್ಟು ಶೇಕಡಾ ಹಿಗ್ಗಿತು ಅನ್ನುವುದನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಹೆಸರು ಎಫ್‌ಎಂಡಿ. ಮಿಸೌರಿ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಆರೋಗ್ಯವಂತ ಯುವಕರನ್ನು ಆರು ಗಂಟೆ ಕೂರಿಸಿದಾಗ ಮಂಡಿ ಹಿಂಭಾಗದ ಅಪಧಮನಿಯ ಎಫ್‌ಎಂಡಿ ಜೋರಾಗಿ ಬಿತ್ತು. ಆಮೇಲೆ ಬರೀ ಹತ್ತು ನಿಮಿಷ ನಡೆಸಿದ್ದಕ್ಕೆ ಮೊದಲಿನ ಮಟ್ಟಕ್ಕೆ ಬಂತು. ಮರುವರ್ಷ ಅದೇ ತಂಡ ಮೂರು ಗಂಟೆ ಕೂರಿಸಿ, ಒಂದು ಕಾಲನ್ನು ಮಾತ್ರ ಒಂದು ನಿಮಿಷ ಕುಣಿಸಿ ನಾಲ್ಕು ನಿಮಿಷ ಬಿಡುವಂತೆ ಹೇಳಿತು. ಸುಮ್ಮನಿದ್ದ ಕಾಲಲ್ಲಿ ಎಫ್‌ಎಂಡಿ ಇಳಿಯಿತು, ಕುಣಿಸಿದ ಕಾಲಲ್ಲಿ ಇಳಿಯಲಿಲ್ಲ. ಮನುಷ್ಯ ಒಬ್ಬನೇ, ರಕ್ತವೂ ಅದೇ. ಹಾಗಾಗಿ ಬೇರುಕಾರಣ ಹರಿವು ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಪುರಾವೆ ಬೇಕಿಲ್ಲ. (ಕೂತಲ್ಲೇ ಕಾಲು ಅಲ್ಲಾಡಿಸಬೇಡ ಅಂತ ಮಕ್ಕಳಿಗೆ ಬೈಯುವ ಹಿರಿಯರು ಕ್ಷಮಿಸಬೇಕು.)

ಇನ್ನು ಕೋಕೋ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ನಲವತ್ತು ಯುವಕರು, ಅರ್ಧ ಜನ ಒಳ್ಳೆ ಫಿಟ್, ಅರ್ಧ ಜನ ಅಲ್ಲ. ಎರಡು ಗಂಟೆ ಕೂರುವ ಮುಂಚೆ ಫ್ಲೇವನಾಲ್ (ಕೋಕೋ ಬೀಜದಲ್ಲಿ ಸಹಜವಾಗಿರುವ ಒಂದು ಸಸ್ಯಾಂಶ) 695 ಮಿ.ಗ್ರಾಂ ಇರುವ ಕೋಕೋ ಒಮ್ಮೆ, ಬರೀ 5.6 ಮಿ.ಗ್ರಾಂ ಇರುವುದು ಇನ್ನೊಮ್ಮೆ. ಕಡಿಮೆ ಫ್ಲೇವನಾಲ್ ಕುಡಿದಾಗ ಕೈಕಾಲು ಎರಡರಲ್ಲೂ ಎಫ್‌ಎಂಡಿ ಇಳಿಯಿತು, ಫಿಟ್ ಇದ್ದವರಿಗೂ ಇಳಿಯಿತು. ಹೆಚ್ಚಿನದು ಕುಡಿದಾಗ ಇಳಿಯಲಿಲ್ಲ. ಆದರೆ ಎಲ್ಲರೂ ಗಂಡಸರು, ಯುವಕರು, ಆರೋಗ್ಯವಂತರು. ಅವಧಿ ಎರಡೇ ಗಂಟೆ. 44ರ ಬಿಪಿ ಇರುವವರ ಹತ್ತು ಗಂಟೆಗೆ ಇದನ್ನು ಹಿಗ್ಗಿಸಿ ಓದಬೇಡಿ.

ಗುಳಿಗೆಡಬ್ಬಿ:

ಮಲ್ನಾಡ್‌ಕಾಫಿ ಅವರೇ, ಸಪ್ಲಿಮೆಂಟ್ ಪಕ್ಕಕ್ಕಿಡಿ, ನಿಮ್ಮ ಪಟ್ಟಿಯಲ್ಲೇ ಒಂದು ಅನುಮಾನಿತ ಇದೆ: ಆಮ್ಲೋಡಿಪಿನ್. ಕಾಲಿನ ಸಣ್ಣ ಅಪಧಮನಿ ಹಿಗ್ಗಿಸುತ್ತೆ, ಅಭಿಧಮನಿ ಅಷ್ಟು ಹಿಗ್ಗಲ್ಲ, ನೀರು ಜಿನುಗುತ್ತೆ. 10 ಮಿ.ಗ್ರಾಂನಲ್ಲಿ ಜಾಸ್ತಿ, 5ರಲ್ಲೂ ಉಂಟು. ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹದಿನೈದು ಸೆಕೆಂಡ್ ಹಿಡಿದು ಬಿಡಿ. ಗುಳಿ ಉಳಿದರೆ ನೀರು ತುಂಬಿದೆ ಅಂತ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಡೋಸ್ ಇಳಿಸೋದೋ ಟೆಲ್ಮಿಸಾರ್ಟನ್ ಥರದ ಇನ್ನೊಂದು ಬಗೆ ಬಿಪಿ ಮಾತ್ರೆ ಜೊತೆಗೆ ಸೇರಿಸೋದೋ ಅವರು ನೋಡ್ತಾರೆ. ಈ ಊತಕ್ಕೆ ನೀರಿಳಿಸೋ ಮಾತ್ರೆ ಅಷ್ಟಾಗಿ ಕೆಲಸ ಮಾಡಲ್ಲ, ಅದನ್ನೂ ನೀವೇ ತಗೊಂಡು ನುಂಗಬೇಡಿ.

ಈಗ ಡಬ್ಬಿಗಳು.

ಬೀಟ್‌ರೂಟ್ ಕ್ಯಾಪ್ಸೂಲ್: ಲೆಕ್ಕ ಹಾಕಿದ್ರೆ ಸಾಕು. ಕೆಲಸ ಮಾಡೋದು ಅದರ ನೈಟ್ರೇಟ್. ಪ್ರಯೋಗಗಳಲ್ಲಿ ಕೊಡೋದು ಸುಮಾರು 300ರಿಂದ 600 ಮಿ.ಗ್ರಾಂ ನೈಟ್ರೇಟ್. ಒಣ ಪುಡಿಯಲ್ಲಿ ಶೇ. 2 ನೈಟ್ರೇಟ್ ಅಂತ ಧಾರಾಳವಾಗಿ ಹಿಡಿದ್ರೂ 500 ಮಿ.ಗ್ರಾಂ ಕ್ಯಾಪ್ಸೂಲಲ್ಲಿ 10 ಮಿ.ಗ್ರಾಂ. ದಿನಕ್ಕೆ ಮೂವತ್ತು ಕ್ಯಾಪ್ಸೂಲ್ ನುಂಗ್ತೀರಾ? ಲೇಬಲ್ ಮೇಲೆ ‘ನೈಟ್ರೇಟ್ ಇಷ್ಟು ಮಿ.ಗ್ರಾಂ’ ಅಂತ ಇಲ್ಲದ ಬೀಟ್‌ರೂಟ್ ಉತ್ಪನ್ನ ಬರೀ ಬಣ್ಣ. ಬೇಕಾದ್ರೆ ಹಸಿ ಬೀಟ್‌ರೂಟ್ ಜ್ಯೂಸ್ ಮಾಡ್ಕೊಳ್ಳಿ. ಪಾಲಕ್, ದಂಟಿನ ಸೊಪ್ಪು, ಮೂಲಂಗಿಯಲ್ಲೂ ನೈಟ್ರೇಟ್ ಚೆನ್ನಾಗಿದೆ. ಸೊಪ್ಪು ಬೇಯಿಸಿ ನೀರು ಬಸಿದು ಚೆಲ್ಲಿದ್ರೆ ಅದರ ಜೊತೆ ನೈಟ್ರೇಟ್ ಕೂಡ ಹೋಯ್ತು. ಬಸ್ಸಾರು ಮಾಡೋ ಮನೆಯವರಿಗೆ ಆ ಚಿಂತೆ ಇಲ್ಲ, ಕಟ್ಟು ಸಾರಿಗೇ ಹೋಗುತ್ತೆ.

ಇನ್ನೊಂದು, ನೈಟ್ರೇಟನ್ನ ನೈಟ್ರೈಟ್ ಮಾಡೋದು ನಾಲಿಗೆ ಮೇಲಿನ ಬ್ಯಾಕ್ಟೀರಿಯಾ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಹಾಕಿ ಮುಕ್ಕಳಿಸೋರಿಗೆ ಆ ಹೆಜ್ಜೆಯೇ ಕಟ್. ಕುಡಿದು ಎರಡು-ಮೂರು ಗಂಟೆಗೆ ಪರಿಣಾಮ ಏರುತ್ತೆ, ಬಿಪಿ ಸ್ವಲ್ಪ ಇಳಿಯುತ್ತೆ. ಬಿಪಿ ಮಾತ್ರೆ ಇರೋರು ಮೊದಲ ವಾರ ತಲೆಸುತ್ತು ಗಮನಿಸಿ, ಮನೇಲಿ ಬಿಪಿ ನೋಡ್ಕೊಳ್ಳಿ. ಮೂತ್ರ ಕೆಂಪಾದ್ರೆ ಗಾಬರಿ ಬೇಡ. ಕಿಡ್ನಿ ಕಲ್ಲು ಆಗಿರೋರಿಗೆ ಆಕ್ಸಲೇಟ್ ತೊಂದರೆ, ಕಿಡ್ನಿ ಕಮ್ಮಿ ಕೆಲಸ ಮಾಡೋರಿಗೆ ಪೊಟ್ಯಾಸಿಯಂ ತೊಂದರೆ.

ಎಲ್-ಆರ್ಜಿನಿನ್: ನೈಟ್ರಿಕ್ ಆಕ್ಸೈಡ್‌ಗೆ ಕಚ್ಚಾಮಾಲು ಅಂತ ಮಾರ್ತಾರೆ. ಬಾಯಲ್ಲಿ ತಗೊಂಡ್ರೆ ಬಹುಪಾಲು ಕರುಳು, ಲಿವರ್‌ನಲ್ಲೇ ಒಡೆದುಹೋಗುತ್ತೆ. 2006ರಲ್ಲಿ ಅಮೆರಿಕದಲ್ಲಿ ಹೃದಯಾಘಾತ ಆದ 153 ಜನರ ಮೇಲೆ ಪರೀಕ್ಷೆ ಮಾಡಿದ್ರು, ಗುರಿ ದಿನಕ್ಕೆ ಮೂರು ಸಲ 3 ಗ್ರಾಂ. ಆರ್ಜಿನಿನ್ ಗುಂಪಲ್ಲಿ ಆರು ಸಾವು, ಇನ್ನೊಂದು ಗುಂಪಲ್ಲಿ ಒಂದೂ ಇಲ್ಲ. ಪ್ರಯೋಗ ನಡುವೆಯೇ ನಿಲ್ಲಿಸಿದ್ರು. ಹೃದಯಾಘಾತ ಆದವರು ಇದನ್ನ ಮುಟ್ಟಲೇಬಾರದು. ಎದೆನೋವಿಗೆ ನಾಲಿಗೆ ಕೆಳಗಿಡೋ ನೈಟ್ರೇಟ್ ಮಾತ್ರೆ, ಸಿಲ್ಡೆನಾಫಿಲ್ (ವಯಾಗ್ರಾ) ತಗೊಳ್ಳೋರಿಗೂ ಬೇಡ, ಬಿಪಿ ಧಡಕ್ ಅಂತ ಬೀಳುತ್ತೆ.

ಮೀನೆಣ್ಣೆ: ಡಬ್ಬಿ ಮುಂದೆ 1000 ಅಂತ ಬರೆದಿರುತ್ತೆ, ಹಿಂದೆ ತಿರುಗಿಸಿ ನೋಡಿ. ಸಾಮಾನ್ಯ ಕ್ಯಾಪ್ಸೂಲಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿ.ಗ್ರಾಂ. ಉಳಿದದ್ದು ಬೇರೆ ಕೊಬ್ಬು. ಕೂತಾಗಿನ ಸಮಸ್ಯೆಗೆ ಅಂತ ಇದನ್ನ ಕೊಳ್ಳೋದ್ರಲ್ಲಿ ಅರ್ಥ ಕಾಣಲ್ಲ. ಹೆಚ್ಚಿನ ಡೋಸಲ್ಲಿ ಎದೆಬಡಿತ ಏರುಪೇರಾಗೋ ಸಾಧ್ಯತೆ ಸ್ವಲ್ಪ ಏರುತ್ತೆ. ಕ್ಲೋಪಿಡೋಗ್ರೆಲ್, ಅಸಿಟ್ರೋಮ್, ವಾರ್ಫರಿನ್ ಥರದ ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಡಾಕ್ಟರಿಗೆ ಹೇಳದೆ ಮೀನೆಣ್ಣೆ, ನ್ಯಾಟೋಕೈನೇಸ್, ಬೆಳ್ಳುಳ್ಳಿ ಕ್ಯಾಪ್ಸೂಲ್ ಯಾವುದನ್ನೂ ಸೇರಿಸಬೇಡಿ.

ಅಭಿಧಮನಿಗೆ ಅಂತಲೇ ಇರೋದು ಡಯೋಸ್ಮಿನ್ 450 + ಹೆಸ್ಪೆರಿಡಿನ್ 50 ಮಿ.ಗ್ರಾಂ ಮಾತ್ರೆ. ಅಭಿಧಮನಿ ಕವಾಟ ಸೋತವರಿಗೆ ಭಾರ, ಊತ ಒಂದಿಷ್ಟು ಇಳಿಸುತ್ತೆ. ಡಾಕ್ಟರ್ ನೋಡಿ ಬರೆಯೋದು ಅದನ್ನ. ಕುರ್ಚಿ ಸುಸ್ತಿಗೆ ನೀವಾಗಿ ಶುರು ಮಾಡೋದಲ್ಲ.

ಕೊನೆಗೆ ಲೇಬಲ್: ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ 14 ಅಂಕಿ ಇರಬೇಕು, ಔಷಧಿಯಾಗಿ ಬಳಸಲು ಅಲ್ಲ ಅನ್ನೋ ಸಾಲು ಇರಬೇಕು. ಅದೇ ಡಬ್ಬಿ ಮೇಲೆ ‘ಬ್ಲಾಕೇಜ್ ಕರಗಿಸುತ್ತದೆ’ ಅಂತಿದ್ರೆ ವಾಪಸ್ ಶೆಲ್ಫಿಗೆ ಇಡಿ.

ಪುತ್ತೂರುತೋಟ:

ಕೋಕೋ ಬಗ್ಗೆ ಒಂದು ಮಾತು. ನಮ್ಮ ಕಡೆ ಅಡಿಕೆ ತೋಟದ ನಡುವೆ ಬೆಳೆಯುವ ಬೆಳೆ, ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆ 1986ರಿಂದ ಇದೆ. ಆದರೆ ‘ಕೋಕೋ ಒಳ್ಳೆಯದು’ ಅಂತ ಅಂಗಡಿಯಿಂದ ಸಿಕ್ಕಿದ ಪುಡಿ ತಂದರೆ ಆಗಲಿಕ್ಕಿಲ್ಲ.

ಬೀಜದಲ್ಲಿರುವ ಫ್ಲೇವನಾಲ್ ಹುದುಗಿಸುವಾಗ ಒಂದಷ್ಟು, ಹುರಿಯುವಾಗ ಒಂದಷ್ಟು ಹೋಗುತ್ತದೆ. ದೊಡ್ಡ ಹೊಡೆತ ಕ್ಷಾರ ಹಾಕಿ ಹದ ಮಾಡುವಾಗ. ಬಣ್ಣ ಗಾಢವಾಗಲಿ, ಒಗರು ಹೋಗಲಿ, ಹಾಲಿನಲ್ಲಿ ಚೆನ್ನಾಗಿ ಬೆರೆಯಲಿ ಅಂತ ಪೊಟ್ಯಾಸಿಯಂ ಕಾರ್ಬೊನೇಟ್ ಹಾಕುತ್ತಾರೆ. ಅಮೆರಿಕದ ಅಂಗಡಿಗಳ ಪುಡಿಗಳನ್ನು 2008ರಲ್ಲಿ ಅಳೆದವರಿಗೆ ಸಿಕ್ಕಿದ ಸರಾಸರಿ: ಕ್ಷಾರ ಹಾಕದ್ದರಲ್ಲಿ ಗ್ರಾಂಗೆ 34.6 ಮಿ.ಗ್ರಾಂ ಫ್ಲೇವನಾಲ್, ಸ್ವಲ್ಪ ಹಾಕಿದ್ದರಲ್ಲಿ 13.8, ಜಾಸ್ತಿ ಹಾಕಿದ್ದರಲ್ಲಿ 3.9. ಹಾಗಾದರೆ 695 ಮಿ.ಗ್ರಾಂ ಬೇಕಿದ್ದರೆ ಮೊದಲನೆಯದು 20 ಗ್ರಾಂ ಸಾಕು, ಕೊನೆಯದು 180 ಗ್ರಾಂ ಹತ್ತಿರ ಬೇಕು. ಅದನ್ನು ಯಾರೂ ಕುಡಿಯಲಿಕ್ಕಿಲ್ಲ.

ಗುರುತಿಸುವುದು ಹೇಗೆ? ಪದಾರ್ಥಗಳ ಸಾಲಿನಲ್ಲಿ ಐಎನ್‌ಎಸ್ 501 ಅಥವಾ ಐಎನ್‌ಎಸ್ 500 ಇದ್ದರೆ ಕ್ಷಾರ ಸೇರಿದೆ. ಕ್ಷಾರ ಇಲ್ಲದ ಪುಡಿ ತಿಳಿಗಂದು, ಸ್ವಲ್ಪ ಕೆಂಪು ಛಾಯೆ, ನಾಲಿಗೆಗೆ ಒಗರು-ಹುಳಿ. ಕಪ್ಪಗೆ ಮಿಂಚುವ ಪುಡಿ ನೋಡಲಿಕ್ಕೆ ಚಂದ, ಈ ಕೆಲಸಕ್ಕೆ ಇಲ್ಲ. ಮಕ್ಕಳ ಮಾಲ್ಟ್ ಪುಡಿಯಲ್ಲಿ ಕೋಕೋಗಿಂತ ಸಕ್ಕರೆಯೇ ಮುಂದೆ ಇರುತ್ತದೆ. ಡಾರ್ಕ್ ಚಾಕಲೇಟಿನ ಶೇ. 70 ಅಂದರೆ ಕೋಕೋ ಎಷ್ಟು ಅಂತ ಮಾತ್ರ, ಫ್ಲೇವನಾಲ್ ಎಷ್ಟು ಅಂತ ಅಲ್ಲ.

20 ಗ್ರಾಂ ಅಂದರೂ ಸಣ್ಣದಲ್ಲ, ಮೂರು-ನಾಲ್ಕು ದೊಡ್ಡ ಚಮಚ. ಸಂಜೆ ಕುಡಿದರೆ ನಿದ್ರೆ ಕೆಡಬಹುದು, ಹುಳಿತೇಗು ಇರುವವರಿಗೆ ಎದೆಯುರಿ ಜಾಸ್ತಿಯಾಗಬಹುದು. ಕೋಕೋದಲ್ಲಿ ಕ್ಯಾಡ್ಮಿಯಂ ಅನ್ನುವ ವಿಷಲೋಹ ಇರುವುದೂ ಉಂಟು, ಹಾಗಾಗಿ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಬೇಡ. ರಕ್ತನಾಳ ಹಿಗ್ಗುವುದಕ್ಕೆ ನೆರವಾಗುತ್ತದೆ ಅಂತ ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2012ರಲ್ಲಿ ಒಪ್ಪಿದ ಪ್ರಮಾಣ ದಿನಕ್ಕೆ 200 ಮಿ.ಗ್ರಾಂ ಫ್ಲೇವನಾಲ್. ಒಳ್ಳೆ ಪುಡಿಯಾದರೆ ಒಂದು ದೊಡ್ಡ ಚಮಚದಲ್ಲೇ ಅದರ ಆಸುಪಾಸು ಸಿಗುತ್ತದೆ.

ಮಲ್ನಾಡ್‌ಕಾಫಿ:

ಎಲ್ಲರಿಗೂ ಧನ್ಯವಾದ. ಆಮ್ಲೋಡಿಪಿನ್ ವಿಷಯ ಹೊಳೆದೇ ಇರಲಿಲ್ಲ, ಡಾಕ್ಟರ್ ಹತ್ರ ಕೇಳ್ತೀನಿ. ಎರಡು ಸಣ್ಣ ಪ್ರಶ್ನೆ. ಕೋಕೋನ ಬಾಳೆಹಣ್ಣು ಮಿಲ್ಕ್‌ಶೇಕ್‌ಗೆ ಹಾಕಿದ್ರೆ ಒಗರು ಗೊತ್ತಾಗಲ್ಲ, ನಡೆಯುತ್ತಾ? ಮತ್ತೆ, ಫಿಟ್ ಇದ್ದವರಿಗೂ ಎಫ್‌ಎಂಡಿ ಇಳಿಯಿತು ಅಂದ್ರೆ ನನ್ನ ಬೆಳಗ್ಗೆ ವಾಕಿಂಗ್ ದಂಡವಾ?

ಪುತ್ತೂರುತೋಟ:

ಬಾಳೆಹಣ್ಣು ಬೇಡ. ಹಣ್ಣನ್ನು ಕಪ್ಪಾಗಿಸುವ ಪಾಲಿಫಿನಾಲ್ ಆಕ್ಸಿಡೇಸ್ ಅದರಲ್ಲಿ ಬಹಳ, ಅದೇ ಫ್ಲೇವನಾಲನ್ನೂ ಮುರಿಯುತ್ತದೆ. 2023ರ ಒಂದು ಸಣ್ಣ ಪ್ರಯೋಗದಲ್ಲಿ ಬಾಳೆಹಣ್ಣಿನ ಸ್ಮೂದಿ ಕುಡಿದವರ ರಕ್ತದಲ್ಲಿ ಫ್ಲೇವನಾಲ್ ಮಟ್ಟ ಶೇ. 84ರಷ್ಟು ಕಡಿಮೆ ಬಂತು. ಹಣ್ಣು ಬೇರೆ ಹೊತ್ತಿಗೆ ತಿನ್ನಿ. ಬಿಸಿನೀರಲ್ಲಿ ಕೋಕೋ ಕಲಸಿ, ಬೇಕಿದ್ದರೆ ಚಿಟಿಕೆ ಬೆಲ್ಲ.

ಹಿಮ್ಮಡಿ:

ವಾಕಿಂಗ್ ದಂಡ ಅಲ್ಲ. ನಾಡಿಬಡಿತ ಅವರ ಸಾಲು ಓದಿದರೆ ವ್ಯಾಯಾಮ ಮಾಡಿಯೂ ಪ್ರಯೋಜನವಿಲ್ಲ ಅಂತ ಕೇಳಿಸುತ್ತದೆ, ಅದಕ್ಕೆ ನನ್ನ ತಕರಾರಿದೆ. ಎರಡು ಗಂಟೆಯಲ್ಲಿ ಇಳಿಯುವ ಎಫ್‌ಎಂಡಿ ಒಂದು ಲೆಕ್ಕ, ಇಪ್ಪತ್ತು ವರ್ಷದಲ್ಲಿ ಆಗುವ ಹೃದ್ರೋಗ ಇನ್ನೊಂದು ಲೆಕ್ಕ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ, ದಿನಕ್ಕೆ 60–75 ನಿಮಿಷ ಚುರುಕು ನಡಿಗೆಯಷ್ಟು ಚಟುವಟಿಕೆ ಇದ್ದವರಲ್ಲಿ ಎಂಟು ಗಂಟೆ ಕೂತರೂ ಸಾವಿನ ಅಪಾಯ ಹೆಚ್ಚಾಗಿ ಕಂಡಿರಲಿಲ್ಲ. ನಿಮ್ಮದು 45 ನಿಮಿಷ. ಉಳಿದ ಕಾಲು-ಅರ್ಧ ಗಂಟೆಯನ್ನು ಕಚೇರಿಯ ನಡುವೆ ಹಂಚಿಹಾಕಿ, ಎರಡೂ ಲೆಕ್ಕ ಸರಿಹೋಗುತ್ತವೆ.

ಹಂಚುವುದು ಹೇಗೆ ಅಂದರೆ, ಅಮೆರಿಕದ ಇಂಡಿಯಾನಾದಲ್ಲಿ ನಡೆದ ಪ್ರಯೋಗದಲ್ಲಿ ಮೂರು ಗಂಟೆ ಕೂತವರು ಗಂಟೆಗೊಮ್ಮೆ ಐದು ನಿಮಿಷ, ಗಂಟೆಗೆ 3.2 ಕಿ.ಮೀ. ವೇಗದಲ್ಲಿ ನಡೆದರೆ ಕಾಲಿನ ಎಫ್‌ಎಂಡಿ ಇಳಿಯದಿರಲು ಸಾಕಾಯಿತು. ದೇವಸ್ಥಾನದ ಪ್ರದಕ್ಷಿಣೆಯ ವೇಗ ಅದು, ಬೆವರೂ ಬರುವುದಿಲ್ಲ. ಮೀಟಿಂಗಿನಿಂದ ಏಳಲಾಗದಿದ್ದರೆ ಕೂತಲ್ಲೇ: ಪಾದದ ಮುಂಭಾಗ ನೆಲದಲ್ಲಿರಲಿ, ಹಿಮ್ಮಡಿ ಪೂರ್ತಿ ಎತ್ತಿ, ಒಂದು ಕ್ಷಣ ಹಿಡಿದು, ಇಳಿಸಿ. ಒಂದು ನಿಮಿಷ ಮಾಡಿ, ನಾಲ್ಕು ನಿಮಿಷ ಬಿಡಿ. ಹೆಚ್ಚಿನವರು ಕೆಡಿಸುವುದು ಎಲ್ಲಿ ಅಂದರೆ ಕಾಲನ್ನು ಮುಂದೆ ಚಾಚಿ ಬೆರಳಷ್ಟೇ ಆಡಿಸುತ್ತಾರೆ. ಮೀನಖಂಡ ಗಟ್ಟಿಯಾಗಲೇ ಇಲ್ಲ ಅಂದರೆ ಪಂಪ್ ಓಡಲೇ ಇಲ್ಲ. ಕೈಯಿಟ್ಟು ಮುಟ್ಟಿ ನೋಡಿಕೊಳ್ಳಿ.

ಕುರ್ಚಿ ಎತ್ತರ ನೋಡಿ. ಸೀಟಿನ ಮುಂಭಾಗಕ್ಕೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು-ಮೂರು ಬೆರಳು ತೂರಬೇಕು, ಪಾದ ಪೂರ್ತಿ ನೆಲಕ್ಕೆ ಊರಬೇಕು. ಎಟುಕದಿದ್ದರೆ ಕಾಲುಮಣೆ ಇಡಿ. 1940ರಲ್ಲಿ ಲಂಡನ್ನಿನ ಬಾಂಬ್ ಆಶ್ರಯಗಳಲ್ಲಿ ರಾತ್ರಿಯಿಡೀ ಡೆಕ್ ಕುರ್ಚಿಯಲ್ಲಿ ಕೂತೇ ಮಲಗಿದವರಲ್ಲಿ ಶ್ವಾಸಕೋಶಕ್ಕೆ ರಕ್ತದ ಗರಣೆ ನುಗ್ಗಿ ಆದ ಸಾವು ಹಿಂದಿನ ವರ್ಷಕ್ಕಿಂತ ಆರು ಪಟ್ಟಾಗಿತ್ತು. ಕುರ್ಚಿಯ ಅಡ್ಡಪಟ್ಟಿ ತೊಡೆಯ ಹಿಂಭಾಗ ಒತ್ತುತ್ತಿತ್ತು ಅನ್ನುವುದು ಆಗ ಕೊಟ್ಟ ಕಾರಣ. ಸುಮ್ಮನೆ ನಿಂತು ಕೆಲಸ ಮಾಡುವ ಮೇಜು ತಂದರೂ ಮೀನಖಂಡದ ಭಾರ ಇಳಿಯುವುದಿಲ್ಲ, ಉಬ್ಬಿದ ನರ ಇದ್ದವರಿಗೆ ಹೆಚ್ಚುತ್ತದೆ.

ಉಜಿರೆಯಿಂದ:

ನಡುವೆ ಕೇಳ್ತಿದ್ದೇನೆ. ಅಮ್ಮ ಬೀಡಿ ಕಟ್ಟುವವರು, 58 ವರ್ಷ. ನೆಲದ ಮೇಲೆ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಎಂಟು ಗಂಟೆ ಕೂತಿರ್ತಾರೆ. ಒಂದು ಕಾಲು ಮಾತ್ರ ಊದ್ತದೆ. ಅವರಿಗೂ ಇದೇ ಸಾಕಾ? ಪಕ್ಕದ ಮನೆಯವರು ಉದ್ದ ಸಾಕ್ಸ್ ಹಾಕಲಿಕ್ಕೆ ಹೇಳ್ತಾರೆ.

ನಾಡಿಬಡಿತ:

ಒಂದೇ ಕಾಲು ಅಂದರೆ ಕಾಯಬೇಡಿ. ಮೊಣಕಾಲಿನ ಕೆಳಗಿನ ಎಲುಬಿನ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಟೈಲರ್ ಟೇಪ್ ಸುತ್ತಿ ಎರಡೂ ಕಾಲು ಅಳೆಯಿರಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ, ಮೀನಖಂಡ ಒತ್ತಿದರೆ ನೋವು, ಬಿಸಿ, ಕೆಂಪು – ಇವಿದ್ದರೆ ಆಳದ ಅಭಿಧಮನಿಯಲ್ಲಿ ಗರಣೆ ಇರಬಹುದು, ಇವತ್ತೇ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಮಾಡಿಸಿ. ಅಳತೆಯಲ್ಲಿ ವ್ಯತ್ಯಾಸ ಕಾಣದಿದ್ದರೂ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ನೇರ ತುರ್ತು ವಿಭಾಗಕ್ಕೆ.

ಗರಣೆ ಇಲ್ಲ ಅಂತ ಖಚಿತವಾದ ಮೇಲೆ ಕೆಲಸದ ಮಾತು. ಬೀಡಿ ಕಟ್ಟುವವರಿಗೆ ಗಡಿಯಾರ ಬೇಕಿಲ್ಲ: 25ರ ಎರಡು ಕಟ್ಟು ಆದಾಗ ಹೆಚ್ಚುಕಡಿಮೆ ಅರ್ಧ ಗಂಟೆ. ಪ್ರತಿ ಎರಡು ಕಟ್ಟಿಗೊಮ್ಮೆ ಎದ್ದು ಅಂಗಳಕ್ಕೊಂದು ಸುತ್ತು ಹಾಕಲಿ. ಚಕ್ಕಳಮಕ್ಕಳ ಹಾಕಿದಾಗ ಮಂಡಿ ಕುರ್ಚಿಗಿಂತ ಹೆಚ್ಚು ಮಡಚಿರುತ್ತದೆ, ಗೋಡೆಗೆ ಒರಗಿ ಕಾಲು ಚಾಚುವುದನ್ನೂ ನಡುನಡುವೆ ಮಾಡಲಿ. ಹೊಲಿಗೆಯವರಿಗೂ ಇದನ್ನೇ ಹೇಳುತ್ತೇನೆ. ಕಾಲಲ್ಲಿ ತುಳಿಯುವ ಮೆಷಿನ್ ಇದ್ದಷ್ಟು ದಿನ ಮೀನಖಂಡಕ್ಕೆ ಕೆಲಸ ಇತ್ತು; ಮೋಟಾರ್ ಬಂದ ಮೇಲೆ ಅದು ನಿಂತಿತು.

ಉದ್ದ ಸಾಕ್ಸ್ ಅಂದರೆ ಕಂಪ್ರೆಷನ್ ಸ್ಟಾಕಿಂಗ್ಸ್. ಶುಗರ್ ಇದ್ದರೆ, ನಡೆದಾಗ ಮೀನಖಂಡ ಹಿಡಿದು ನಿಂತರೆ ಬಿಡುವ ಹಾಗಿದ್ದರೆ, ಪಾದ ತಣ್ಣಗಿದ್ದರೆ ಅದನ್ನು ಹಾಕುವ ಮೊದಲು ಕಾಲಿನ ಅಪಧಮನಿ ಪರೀಕ್ಷೆ ಆಗಲೇಬೇಕು. ಮೊದಲೇ ರಕ್ತ ಕಡಿಮೆ ಇರುವ ಕಾಲಿಗೆ ಬಿಗಿ ಸಾಕ್ಸ್ ಹಾಕಿದರೆ ಚರ್ಮ ಸತ್ತು ಹುಣ್ಣಾಗುತ್ತದೆ.

ಮಲ್ನಾಡ್‌ಕಾಫಿ:

ನನಗೂ ಸ್ಟಾಕಿಂಗ್ಸ್ ಆಗುತ್ತಾ? ರಾತ್ರಿ ಬಸ್ಸಲ್ಲಿ ಬೆಂಗಳೂರು–ಮುಂಬೈ ಓಡಾಟ ಇದೆ.

ಗುಳಿಗೆಡಬ್ಬಿ:

ಪಾದದ ನಾಡಿ ಚೆನ್ನಾಗಿ ಸಿಗುತ್ತೆ ಅಂತ ಡಾಕ್ಟರ್ ಹೇಳಿದ್ರೆ ಆಗುತ್ತೆ. ನಾಲ್ಕು ಗಂಟೆ ಮೀರಿದ ಪ್ರಯಾಣ ವಿಮಾನವೇ ಆಗ್ಲಿ ಬಸ್ಸೇ ಆಗ್ಲಿ ಗರಣೆ ಅಪಾಯ ಎರಡು-ಮೂರು ಪಟ್ಟು ಏರಿಸುತ್ತೆ, ಮೂಲದಲ್ಲಿ ಅಪಾಯ ಚಿಕ್ಕದೇ. ಮಂಡಿ ಕೆಳಗಿನದ್ದು ಸಾಕು, ಮೊದಲ ಸಲಕ್ಕೆ ಬಿಗಿತ 15ರಿಂದ 20 ಎಂಎಂಎಚ್‌ಜಿ ಇರೋದು. ಚಪ್ಪಲಿ ಸೈಜ್ ಹೇಳಿ ಕೊಳ್ಳಬೇಡಿ. ಬೆಳಗ್ಗೆ ಊತ ಇಲ್ಲದಾಗ ಪಾದದ ಗಂಟಿನ ಮೇಲೆ ಅತಿ ಸಪೂರ ಜಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ ತಗೊಂಡು ಪೊಟ್ಟಣದ ಮೇಲಿನ ಪಟ್ಟಿಗೆ ಹೋಲಿಸಿ. ಮೇಲಿನ ಅಂಚು ಮಡಚಿದ್ರೆ ಅಲ್ಲಿ ಬಿಗಿತ ಎರಡರಷ್ಟಾಗಿ ದಾರ ಕಟ್ಟಿದ ಹಾಗಾಗುತ್ತೆ, ಸುಕ್ಕಿಲ್ಲದೆ ಎಳೀರಿ. ಮನೇಲಿ ಮಲಗೋ ಮುಂಚೆ ತೆಗೀರಿ. ಸೋಪಿನ ನೀರಲ್ಲಿ ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ, ಹಿಂಡಬೇಡಿ, ಇಸ್ತ್ರಿ ಬೇಡ. ದಿನಾ ಹಾಕಿದ್ರೆ ಆರು ತಿಂಗಳಿಗೆ ಎಲಾಸ್ಟಿಕ್ ಸಡಿಲ ಆಗಿರುತ್ತೆ, ಹೊಸದು ತಗೊಳ್ಳಿ.